ಬರೀ ಅಡಿಕೆ ತಾನೇ ಎನ್ನುವವರಿಗೆ

ನಿನ್ನೆ ಮದ್ದೂರಿನ ಹತ್ತಿರ ಒಂದು ಬೀಗರ ಊಟಕ್ಕೆ ಹೋಗಿದ್ದೆ. ಊಟ ಮಂಡ್ಯದವರು ಮಾಡಬೇಕಾದ ಹಾಗೆಯೇ ಇತ್ತು. ಬಿಸಿ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಕೈ ತೊಳೆದು ಹೊರಗೆ ಬಂದರೆ ಬಾಗಿಲ ಬಳಿ ಒಂದು ಮೇಜು. ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ಬಾಳೆಹಣ್ಣು. ಅದರಾಚೆ ಸ್ಟೀಲ್ ಬೇಸಿನ್ ತುಂಬ ಬಣ್ಣ ಬಣ್ಣದ ಸಿಹಿ ಅಡಿಕೆ ಪೊಟ್ಟಣಗಳು. ಆ ಬೇಸಿನ್ ಸುತ್ತ ನಿಂತಿದ್ದವರು ಮಕ್ಕಳು. ಆರೇಳು ವರ್ಷದ ಒಂದು ಹುಡುಗಿ ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ತಲೆಯನ್ನು ಹಿಂದಕ್ಕೆ ವಾಲಿಸಿ, ಒಳಗಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡಳು. ಎಷ್ಟು ಅಭ್ಯಾಸವಾಗಿದ್ದರೆ ಒಂದು ಚೂರೂ ಕೆಳಗೆ ಬೀಳದಂತೆ ಸುರಿದುಕೊಳ್ಳಲು ಸಾಧ್ಯ! ಎರಡನೆಯದಕ್ಕೆ ಕೈ ಹಾಕಿದಾಗ ನಾನು ತಡೆದೆ. ಅವಳ ಅಜ್ಜಿ ನನ್ನನ್ನೇ ಗದರಿದರು. "ಬರೀ ಅಡಿಕೆ ತಾನೇ ಕಣವ್ವ, ಹೊಗೆಸೊಪ್ಪು ಇಲ್ಲವಲ್ಲ. ಮಗು ತಿಂದರೆ ಏನಾಗುತ್ತದೆ?"

ಅಜ್ಜಿಯ ಮಾತಿಗೆ ನನಗೆ ಅಷ್ಟು ಬೇಸರವಾಗಲಿಲ್ಲ. ಅವರ ಹಿಂದೆ ನಿಂತಿದ್ದವರೊಬ್ಬರು ಮಾಸ್ತರರು, ಇನ್ನೂರು ಮಕ್ಕಳಿಗೆ ಪಾಠ ಹೇಳುವವರು, "ಹೌದು ಡಾಕ್ಟರಮ್ಮ, ಊಟ ಜೀರ್ಣವಾಗಬೇಕಲ್ಲ, ಅಡಿಕೆ ಒಳ್ಳೆಯದೇ" ಎಂದರು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ದಿನವಿಡೀ ಏನನ್ನು ನೋಡುತ್ತೇನೆ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತು. ಮಂಡ್ಯದಲ್ಲಿ ಹಲ್ಲಿನ ಚಿಕಿತ್ಸೆಗೆಂದು ಬಂದವರ ಬಾಯಿಯನ್ನು ನೋಡುವುದೇ ನನ್ನ ಬದುಕು. ಹೊಗೆಸೊಪ್ಪಿನ ಬಗ್ಗೆ ಹೇಳಿದರೆ ಜನ ತಲೆಯಾಡಿಸುತ್ತಾರೆ. ಕಡ್ಡಿಪುಡಿ ಹಾಕುವವರೂ ತಲೆ ತಗ್ಗಿಸಿ "ಬಿಡಬೇಕು ಮೇಡಂ" ಎನ್ನುತ್ತಾರೆ. ಅಡಿಕೆಯ ಬಗ್ಗೆ ಹೇಳಿದರೆ ಮಾತ್ರ ನನ್ನ ಕಡೆಗೇ ಅನುಮಾನದ ನೋಟ. ದೇವರ ಮುಂದೆ ಇಡುವ ವಸ್ತು, ಮದುವೆಯಲ್ಲಿ ಕೊಡುವ ವಸ್ತು, ಅಜ್ಜಿಯ ಚೀಲದಲ್ಲಿದ್ದ ವಸ್ತು ಕೆಟ್ಟದ್ದು ಹೇಗಾದೀತು ಎಂದು.

ಹಾಗಾಗಿ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಇಪ್ಪತ್ತೈದು ತುಂಬದ ಹುಡುಗ, ತಾಯಿಯ ಜೊತೆ ಬಂದಿದ್ದ. ಮಾತು ಶುರು ಮಾಡಿದ್ದು ತಾಯಿಯೇ. "ಸಾರು ಮುಟ್ಟುವುದಿಲ್ಲ ಮೇಡಂ, ಖಾರ ಎನ್ನುತ್ತಾನೆ. ನಾನು ಖಾರ ಕಡಿಮೆ ಮಾಡಿದೆ. ಆಮೇಲೆ ಇನ್ನೂ ಕಡಿಮೆ ಮಾಡಿದೆ. ಈಗ ಬರೀ ಮೊಸರನ್ನ. ಮುದ್ದೆಯನ್ನೂ ಬಿಟ್ಟ." ಮುದ್ದೆ ಏಕೆ ಬಿಟ್ಟೆ ಎಂದು ಹುಡುಗನನ್ನು ಕೇಳಿದೆ. ಬೆರಳಿನಲ್ಲಿ ತುತ್ತಿನ ಗಾತ್ರ ತೋರಿಸಿದ. ಮೊದಲು ಇಷ್ಟು, ಆಮೇಲೆ ನಿಂಬೆಹಣ್ಣಿನಷ್ಟು, ಆಮೇಲೆ ಗೋಲಿಯಷ್ಟು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗೋಲಿಯಷ್ಟು ತುತ್ತು ಮಾಡಿಕೊಂಡು ಮುದ್ದೆ ಉಣ್ಣುವುದನ್ನು ನಾಲ್ಕು ಜನರ ಪಂಕ್ತಿಯಲ್ಲಿ ತೋರಿಸಿಕೊಳ್ಳಲು ನಾಚಿ ಅವನು ಮದುವೆ ಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿದ್ದ.

ಬಾಯಿ ತೆರೆ ಎಂದೆ. ಅವನು ತೆರೆದೇ ಇದ್ದೇನೆ ಎಂದ. ಮೇಲಿನ ಹಲ್ಲಿನ ಅಂಚಿನಿಂದ ಕೆಳಗಿನ ಹಲ್ಲಿನ ಅಂಚಿಗೆ ಅಳೆದರೆ 18 ಮಿಲಿಮೀಟರ್. ದೊಡ್ಡವರಿಗೆ ಅದು 40ರ ಆಸುಪಾಸಿನಲ್ಲಿರಬೇಕು. ಕೆನ್ನೆಯ ಒಳಭಾಗ ಗುಲಾಬಿ ಬಣ್ಣದಲ್ಲಿರಬೇಕಾದದ್ದು ಬಿಳಿಚಿಕೊಂಡು ಅಮೃತಶಿಲೆಯಂತೆ ಕಾಣುತ್ತಿತ್ತು. ಬೆರಳಿಟ್ಟು ನೋಡಿದರೆ ಒಳಗೆ ಮೇಲಿಂದ ಕೆಳಕ್ಕೆ ಬಿಗಿದ ಪಟ್ಟಿಗಳು. ಕೆನ್ನೆ ಉಬ್ಬಿಸಲು ಹೇಳಿದೆ, ಆಗಲಿಲ್ಲ. ಸಿಳ್ಳೆ ಹಾಕಲು ಹೇಳಿದೆ, ಬರೀ ಗಾಳಿ. ನಾಲಿಗೆಯನ್ನು ತುಟಿ ದಾಟಿಸಿ ಹೊರಗೆ ಚಾಚಲೂ ಕಷ್ಟ.

"ಹೊಗೆಸೊಪ್ಪು, ಗುಟ್ಕಾ?" ಎಂದು ಕೇಳಿದೆ. ಆ ಹುಡುಗ ನನ್ನ ಕಣ್ಣನ್ನೇ ನೋಡಿ, ಎದೆ ಸೆಟೆಸಿ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಒಂದು ಸಲವೂ ಮುಟ್ಟಿಲ್ಲ ಮೇಡಂ. ಬರೀ ಅಡಿಕೆ." ಶಾಲೆಯಲ್ಲಿದ್ದಾಗ ಸಿಹಿ ಅಡಿಕೆ, ಕಾಲೇಜಿನಲ್ಲಿ ತಂಬಾಕಿಲ್ಲದ ಪಾನ್ ಮಸಾಲ. ಮನೆಯವರಿಗೂ ಗೊತ್ತಿತ್ತು. ಹೊಗೆಸೊಪ್ಪು ಮುಟ್ಟುವುದಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡಿದ್ದರು. ತಾಯಿ ನನ್ನ ಎದುರು ಕೂತು "ಅದು ಅಡಿಕೆ ಮೇಡಂ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು, ನಾನು ತಪ್ಪು ಕೇಳಿಸಿಕೊಂಡಿದ್ದೇನೆ ಎಂಬಂತೆ. ಅವರು ಹೋದ ಮೇಲೆ ಒಳಕೋಣೆಗೆ ಹೋಗಿ ಅತ್ತೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈ ಕಾಯಿಲೆಗೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿಯ ಒಳಪೊರೆಯ ಕೆಳಗೆ ನಾರುಗಟ್ಟುವ ಕಾಯಿಲೆ. 1952ರಲ್ಲಿ ಷ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದರು, ಮರುವರ್ಷ ಮುಂಬಯಿಯ ಜೋಶಿ ಎಂಬ ವೈದ್ಯರು ನಮ್ಮ ದೇಶದಲ್ಲಿ ದಾಖಲಿಸಿದರು. ಅಂದರೆ ಎಪ್ಪತ್ತು ವರ್ಷಗಳಿಂದ ವೈದ್ಯಕೀಯ ಲೋಕಕ್ಕೆ ಗೊತ್ತಿರುವ ಸಂಗತಿ ಇದು. ಇದರ ಮುಖ್ಯ ಕಾರಣ ಅಡಿಕೆ. ಹೊಗೆಸೊಪ್ಪಲ್ಲ, ಅಡಿಕೆ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಒಳಗೆ ಏನಾಗುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ನಮ್ಮ ಕೆನ್ನೆಯ ಒಳಪದರದಲ್ಲಿ ಕೊಲ್ಯಾಜೆನ್ ಎಂಬ ನಾರು ಹುಟ್ಟುತ್ತಲೂ ಇರುತ್ತದೆ, ಹಳೆಯದು ಕರಗುತ್ತಲೂ ಇರುತ್ತದೆ. ಆ ಲೆಕ್ಕ ಸರಿ ಇರುವವರೆಗೆ ಕೆನ್ನೆ ಮೆತ್ತಗೆ, ಹಿಗ್ಗುವಂತೆ ಇರುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಹೊಸ ನಾರನ್ನು ಹೆಚ್ಚು ಹೆಚ್ಚು ಹುಟ್ಟಿಸುತ್ತದೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್ ಹಳೆಯ ನಾರು ಕರಗದಂತೆ ತಡೆಯುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಅದು ನಾರುನಾರನ್ನು ಒಂದಕ್ಕೊಂದು ಬಿಗಿದು ಕಟ್ಟುವ ಕಿಣ್ವಕ್ಕೆ ಬಲ ಕೊಡುತ್ತದೆ. ಹುಟ್ಟುವುದು ಹೆಚ್ಚಾಯಿತು, ಕರಗುವುದು ನಿಂತಿತು, ಇರುವುದು ಗಟ್ಟಿಯಾಯಿತು. ಅದರ ಮೇಲೆ ಸುಣ್ಣ. ಸುಣ್ಣ ಬಾಯಿಯೊಳಗಿನ ಕ್ಷಾರವನ್ನು ಏರಿಸಿ ಅರೆಕೊಲಿನ್ ಬೇಗ ಹೀರಿಕೊಳ್ಳುವಂತೆ ಮಾಡುತ್ತದೆ. ಎಲೆ ಅಡಿಕೆ ಹಾಕಿದ ತಕ್ಷಣ ಮೈ ಬೆಚ್ಚಗಾಗಿ, ಹಣೆಯಲ್ಲಿ ಬೆವರು ಮೂಡಿ, ಅಡಿಕೆ ಸೊಕ್ಕಿತು ಎನ್ನುತ್ತೇವಲ್ಲ, ಅದು ಅರೆಕೊಲಿನ್ ನರಗಳ ಮೇಲೆ ಕೆಲಸ ಮಾಡುತ್ತಿರುವುದರ ಲಕ್ಷಣ. ಹೊಗೆಸೊಪ್ಪಿನ ನಿಕೋಟಿನ್ ಮೆದುಳಿನಲ್ಲಿ ಹೋಗಿ ಕೂರುವ ಜಾಗಗಳಲ್ಲೇ ಅರೆಕೊಲಿನ್ ಕೂಡ ಕೂತು ಕೆಲಸ ಮಾಡುತ್ತದೆ. ಬಿಡಲು ಹೋದವರಿಗೆ ಸಿಡುಕು, ಚಡಪಡಿಕೆ ಬರುವುದು ಅದಕ್ಕೇ. ಚಟ ಹಿಡಿಸಲು ಅಡಿಕೆಗೆ ಹೊಗೆಸೊಪ್ಪಿನ ಸಹಾಯವೇ ಬೇಕಾಗಿಲ್ಲ.

ಇನ್ನು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಹೊಗೆಸೊಪ್ಪು ಬೆರೆಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದಿತ್ತು. 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೇ ಪ್ರತ್ಯೇಕವಾಗಿಯೂ ಮೊದಲನೆಯ ಗುಂಪಿಗೆ ಸೇರಿಸಿತು. ಮೊದಲನೆಯ ಗುಂಪು ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕ್ಷ್ಯ ಖಚಿತವಾಗಿದೆ ಎಂದರ್ಥ. ಹೊಗೆಸೊಪ್ಪು ಇರುವುದೂ ಅದೇ ಗುಂಪಿನಲ್ಲಿ. ಅದೇ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಬಂದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್‌ಗಳಲ್ಲಿ 1.2 ಲಕ್ಷಕ್ಕೆ ಕಾರಣ ಜಗಿಯುವ ತಂಬಾಕು ಅಥವಾ ಅಡಿಕೆ. ಆ 1.2 ಲಕ್ಷದಲ್ಲಿ ಸುಮಾರು 83 ಸಾವಿರ ನಮ್ಮ ದೇಶದವರು. ಒಂದೇ ದೇಶದವರು!

ಹೊಗೆಸೊಪ್ಪಿನ ತಪ್ಪನ್ನು ಅಡಿಕೆಯ ತಲೆಗೆ ಕಟ್ಟುತ್ತಿದ್ದೀರಿ ಎಂದು ನನ್ನ ಜೊತೆ ವಾದ ಮಾಡಿದವರಿದ್ದಾರೆ. ಅವರು ತೈವಾನ್ ಕಡೆ ನೋಡಬೇಕು. ಅಲ್ಲಿ ಅಡಿಕೆ ಜಗಿಯುವವರು ಅದಕ್ಕೆ ಹೊಗೆಸೊಪ್ಪು ಬೆರೆಸುವುದಿಲ್ಲ. ಹಸಿ ಅಡಿಕೆ, ಸುಣ್ಣ, ವೀಳ್ಯದ ಎಲೆ ಅಥವಾ ಅದೇ ಬಳ್ಳಿಯ ಹೂಗೊಂಚಲು, ಅಷ್ಟೇ. ಅಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ದೊಡ್ಡ ಪಿಡುಗಾಯಿತೆಂದರೆ ಡಿಸೆಂಬರ್ 3ನ್ನು ಅಡಿಕೆ ಜಗಿಯುವುದರ ವಿರುದ್ಧದ ದಿನವೆಂದು ಆಚರಿಸುತ್ತಾರೆ. ಸಿಗರೇಟು ಸೇದದವರನ್ನು ಬೇರೆ ಮಾಡಿ ನೋಡಿದಾಗಲೂ ಅಡಿಕೆಯ ಅಪಾಯ ಅಳಿಯಲಿಲ್ಲ. ಪಾಪುವಾ ನ್ಯೂಗಿನಿಯ ಕಥೆಯೂ ಅದೇ. ಹೊಗೆಸೊಪ್ಪು ಬೆರೆಸದ ಅಡಿಕೆಯೇ ಈ ಊರುಗಳಲ್ಲಿ ಇಷ್ಟು ಮಾಡಿದೆ.

ನಾರುಗಟ್ಟಿದ ಬಾಯಿಯೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಹೆದರಿಸುವುದು ನನ್ನ ಉದ್ದೇಶವಲ್ಲ. ಕೇರಳದಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇಕಡ 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು. ನೂರರಲ್ಲಿ ಏಳೆಂಟು ಜನ. ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಉಳಿದವರ ಬಾಯಿಯೂ ಮೊದಲಿನಂತೆ ಪೂರ್ತಿ ತೆರೆಯುವುದಿಲ್ಲ. ಅಡಿಕೆ ಬಿಟ್ಟರೆ ಕಾಯಿಲೆ ಮುಂದುವರಿಯುವುದನ್ನು ತಡೆಯಬಹುದು. ಕೆನ್ನೆಯೊಳಗೆ ಚುಚ್ಚುಮದ್ದು ಕೊಡುತ್ತೇವೆ, ತೀರಾ ಬಿಗಿದಿದ್ದರೆ ಪಟ್ಟಿಗಳನ್ನು ಕತ್ತರಿಸಿ ಬೇರೆ ಕಡೆಯ ಅಂಗಾಂಶ ತಂದು ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ದಿನವೂ ಬಾಯಿ ಹಿಗ್ಗಿಸುವ ವ್ಯಾಯಾಮ. ಆ ಹುಡುಗನಿಗೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಲು ಹೇಳಿಕೊಟ್ಟೆ. ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚಿಸಬೇಕು. ನೋವಿನಿಂದ ಕಣ್ಣಲ್ಲಿ ನೀರು ಬರುತ್ತದೆ, ಆದರೂ ಇಡಬೇಕು. ಅವನು ಇಡುತ್ತಿದ್ದಾನೆ. ಇಷ್ಟೆಲ್ಲ ಮಾಡಿ ಬಾಯಿ ಕೆಲವೇ ಮಿಲಿಮೀಟರ್ ಹೆಚ್ಚು ತೆರೆದಿದೆ.

ನಿನ್ನೆ ಆ ಬೇಸಿನ್ ನೋಡಿದಾಗ ನನ್ನ ಕಣ್ಣಿಗೆ ಕಂಡದ್ದು ಆ ಕಡ್ಡಿಗಳು.

ಅಜ್ಜಿಯರ ವಾದಕ್ಕೆ ಬರುತ್ತೇನೆ. ನನ್ನ ಅಜ್ಜಿಯೂ ಎಲೆ ಅಡಿಕೆ ಹಾಕುತ್ತಿದ್ದರು. ಎಲೆಯನ್ನು ಸೆರಗಿನಲ್ಲಿ ಒರೆಸಿ, ತೊಟ್ಟು ಮುರಿದು, ಬೆನ್ನಿನ ನರ ಸೀಳಿ ತೆಗೆದು, ಉಗುರಿನ ತುದಿಯಷ್ಟು ಸುಣ್ಣ ಸವರಿ, ಅಡಕತ್ತರಿಯಲ್ಲಿ ಕತ್ತರಿಸಿದ ಒಂದು ಚೂರು ಅಡಿಕೆ ಇಟ್ಟು ಮಡಚುತ್ತಿದ್ದ ಅವರ ಬೆರಳುಗಳು ಈಗಲೂ ನೆನಪಿವೆ. ಮೈಸೂರು ಚಿಗುರೆಲೆಯ ವಾಸನೆ ಬಂದರೆ ಈಗಲೂ ಅವರೇ ಬಂದಂತೆ ಆಗುತ್ತದೆ. ಅವರು ತುಂಬ ಕಾಲ ಬಾಳಿದರು. ಆದರೆ ಅದರಿಂದ ಅಡಿಕೆ ನಿರಪರಾಧಿ ಎಂದು ಸಾಬೀತಾಗುವುದಿಲ್ಲ. ಅದೇ ಬೀದಿಯಲ್ಲಿ "ಬಾಯಿಹುಣ್ಣಾಗಿ ಹೋದರು", "ಗಂಟಲು ಕಟ್ಟಿ ಹೋದರು" ಎಂದು ಹೇಳುತ್ತಿದ್ದ ಸಾವುಗಳು ಎಷ್ಟಿದ್ದವು! ಬಯಾಪ್ಸಿ ಇಲ್ಲದ ಕಾಲ, ಆ ಹುಣ್ಣು ಏನೆಂದು ಯಾರೂ ಕೇಳಲಿಲ್ಲ. ಬದುಕಿ ಉಳಿದ ಅಜ್ಜಿಯರು ಮಾತ್ರ ನಮಗೆ ಸಾಕ್ಷಿ ಹೇಳುತ್ತಾರೆ, ಹೋದವರು ಹೇಳುವುದಿಲ್ಲ.

ಅಜ್ಜಿಯ ಎಲೆ ಅಡಿಕೆಗೂ ಈಗಿನ ಪೊಟ್ಟಣಕ್ಕೂ ಹೋಲಿಕೆಯೂ ಇಲ್ಲ. ಊಟವಾದ ಮೇಲೆ ಒಂದು ಎಲೆಯ ಜೊತೆ ಒಂದು ಚೂರು ಅಡಿಕೆ ಬೇರೆ, ಎಲೆಯೇ ಇಲ್ಲದೆ, ಒಣಗಿಸಿ ಪುಡಿ ಮಾಡಿ, ಸಿಹಿ ಮತ್ತು ಸುವಾಸನೆ ಬೆರೆಸಿದ ಅಡಿಕೆಯನ್ನು ದಿನಕ್ಕೆ ಹತ್ತು ಸಲ ಕೆನ್ನೆಯಲ್ಲಿ ಒತ್ತರಿಸುವುದು ಬೇರೆ. ಪಾನ್ ಮಸಾಲ ಜಗಿಯುವವರಲ್ಲಿ ಬಾಯಿ ನಾರುಗಟ್ಟುವುದು ಎಲೆ ಅಡಿಕೆಯವರಿಗಿಂತ ಬಹಳ ಬೇಗ, ಕೆಲವೇ ವರ್ಷಗಳಲ್ಲಿ. ಎಲೆಯ ಮೇಲೆ ನನಗೆ ಸಿಟ್ಟಿಲ್ಲ. ಊಟವಾದ ಮೇಲೆ ನಾನೂ ಒಂದು ಎಲೆ ಹಾಕಿಕೊಳ್ಳುತ್ತೇನೆ, ಸೋಂಪು, ಏಲಕ್ಕಿ, ಒಣಕೊಬ್ಬರಿ ಇಟ್ಟು. ಅಡಿಕೆ ಇಲ್ಲ, ಸುಣ್ಣವೂ ಇಲ್ಲ. ಕಲಶದ ಮುಂದೆ, ಬಾಗಿನದ ಮೊರದಲ್ಲಿ ಅಡಿಕೆ ಇಡುತ್ತೇನೆ. ದೇವರಿಗೆ ಇಟ್ಟ ಅಡಿಕೆ ಯಾರ ಬಾಯಿಯನ್ನೂ ಕಟ್ಟಿಲ್ಲ.

ಬೆಳೆಗಾರರ ಮಾತು ಬಂದೇ ಬರುತ್ತದೆ. ನನ್ನ ಗಂಡನ ಮನೆ ಚನ್ನಗಿರಿ ಕಡೆ ಎಂದು ನಿಮಗೆ ಗೊತ್ತು. ನಾವು ಕೂತು ಉಣ್ಣುವ ಮನೆಯ ತಾರಸಿ ಅಡಿಕೆಯ ದುಡ್ಡಿನಲ್ಲಿ ಹಾಕಿದ್ದು. ಮಾವನವರು ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡುವುದು ರಾಶಿ ಅಡಿಕೆಯ ದರ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ಮನೆಯವರ ಕಷ್ಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಈಗ ಮಂಡ್ಯ ಜಿಲ್ಲೆಯಲ್ಲೂ ಕಬ್ಬಿನ ಗದ್ದೆಯಲ್ಲಿ ಅಡಿಕೆ ಸಸಿ ಕಾಣುತ್ತಿದೆ. ಅವರ ಬದುಕು ಮುರಿಯಲಿ ಎಂದು ನಾನು ಬಯಸುವುದಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವವರೂ ನಮ್ಮ ರೈತರೇ ಅಲ್ಲವೇ? ಅವರಿಗೋಸ್ಕರ ಹೊಗೆಸೊಪ್ಪು ಒಳ್ಳೆಯದು ಎಂದು ಯಾರಾದರೂ ಹೇಳುತ್ತಾರೆಯೇ? ಅಡಿಕೆ ವಿಷಯದಲ್ಲಿ ಮಾತ್ರ ಬೆಳೆಯ ದರಕ್ಕೂ ವಿಜ್ಞಾನಕ್ಕೂ ಗಂಟು ಹಾಕುತ್ತಾರೆ. ಬೆಳೆಗಾರರಿಗೆ ಸರ್ಕಾರ ಬೇರೆ ದಾರಿ ತೋರಿಸಲಿ, ಬೆಂಬಲ ಕೊಡಲಿ, ನಾನೂ ದನಿಗೂಡಿಸುತ್ತೇನೆ. ಆ ಹೆಸರಿನಲ್ಲಿ ಏಳು ವರ್ಷದ ಮಗುವಿನ ಬಾಯಿಗೆ ಅಡಿಕೆ ಸುರಿಯುವುದನ್ನು ಒಪ್ಪುವುದಿಲ್ಲ. ಮಾವನವರಿಗೂ ಇದನ್ನೇ ಹೇಳಿದ್ದೇನೆ. ಅವರು ಮೌನವಾಗಿ ಕೇಳಿದರು. ಮೊಮ್ಮಕ್ಕಳಿಗೆ ಅಡಿಕೆ ಕೊಡುವುದಿಲ್ಲ.

ಕಾನೂನಿನ ಕಥೆ ಇನ್ನೂ ನೋವಿನದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ತಯಾರಕರು ಪಾನ್ ಮಸಾಲವನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ತುಂಬಿ ಅಕ್ಕಪಕ್ಕ ನೇತುಹಾಕಿದರು. ಶಾಲೆಯ ಆಸುಪಾಸಿನಲ್ಲಿ ತಂಬಾಕು ಮಾರಬಾರದು ಎಂಬ ಕಾನೂನು 2003ರಿಂದ ಇದೆ. ಅದು ತಂಬಾಕಿನ ಕಾನೂನು, ತಂಬಾಕಿಲ್ಲದ ಸಿಹಿ ಅಡಿಕೆಗೆ ತಾಗುವುದಿಲ್ಲ. ಹಾಗಾಗಿ ಶಾಲೆಯ ಗೇಟಿನ ಎದುರಿನ ಪೆಟ್ಟಿ ಅಂಗಡಿಯಲ್ಲಿ ಚಾಕೊಲೇಟ್ ಡಬ್ಬಿಯ ಮೇಲೆ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಸಿಹಿ ಅಡಿಕೆಯ ಸರ ತೂಗುತ್ತದೆ. ಅಡಿಕೆ ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂದು ಪೊಟ್ಟಣದ ಮೇಲೆ ಮುದ್ರಿಸಲೇಬೇಕೆಂದು ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ನಿನ್ನೆಯ ಪೊಟ್ಟಣ ತೆಗೆದು ನೋಡಿದೆ. ಇತ್ತು, ಹಿಂಬದಿಯಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ. ಇನ್ನೂ ಓದಲು ಕಲಿಯುತ್ತಿರುವ ಮಗುವಿಗೆ ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆ.

ಬಸುರಿಯರಿಗೆ ಬಾಯಿ ಸಪ್ಪೆ ಎಂದು ಅಡಿಕೆ ಕೊಡುವ ಮನೆಗಳನ್ನೂ ಬಲ್ಲೆ. ಬಸುರಿನಲ್ಲಿ ಅಡಿಕೆ ಜಗಿಯುವವರ ಮಕ್ಕಳ ತೂಕ ಕಡಿಮೆ ಇರುವುದನ್ನು ಅಧ್ಯಯನಗಳು ಕಂಡಿವೆ. ಜೀರ್ಣಕ್ಕೆ ಎಂದರು ಆ ಮಾಸ್ತರರು. ಜೀರ್ಣಕ್ಕೆ ಸೋಂಪು ತಿನ್ನಿ, ನಡೆಯಿರಿ. ಬೀಗರ ಊಟ ಜೀರ್ಣವಾಗಲು ಮಗುವಿಗೆ ಅಡಿಕೆ ಬೇಕಾಗಿಲ್ಲ.

ಮದುವೆ ಮಾಡಿಸುವವರೇ, ನಿಮ್ಮ ಮೇಜಿನಿಂದ ಆ ಒಂದು ಬೇಸಿನ್ ತೆಗೆಯಿರಿ. ಕಲ್ಲುಸಕ್ಕರೆ ಇಡಿ, ಸೋಂಪು ಇಡಿ. ಮಾಸ್ತರರೇ, ನಿಮ್ಮ ಶಾಲೆಯ ಎದುರಿನ ಅಂಗಡಿಯವನಿಗೆ ಒಂದು ಮಾತು ಹೇಳಿ. ಕಾನೂನು ಇಲ್ಲದಿದ್ದರೂ ನಿಮ್ಮ ಮಾತನ್ನು ಅವನು ಕೇಳುತ್ತಾನೆ, ಅವನ ಮಗುವೂ ನಿಮ್ಮ ತರಗತಿಯಲ್ಲೇ ಕೂತಿರುತ್ತದೆ.

ಇದನ್ನು ಓದುತ್ತಿರುವವರಲ್ಲಿ ಅಡಿಕೆ ಹಾಕುವವರು ಇದ್ದೇ ಇದ್ದೀರಿ. ಈಗಲೇ ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಯದಿದ್ದರೆ, ಸಾರು ಮೊದಲಿಗಿಂತ ಹೆಚ್ಚು ಉರಿಯುತ್ತಿದ್ದರೆ, ಕೆನ್ನೆಯೊಳಗೆ ಬಿಳಿ ಕಲೆ ಕಂಡರೆ, ಬಾಯಲ್ಲಿ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಹತ್ತಿರದ ಹಲ್ಲಿನ ವೈದ್ಯರ ಬಳಿ ಹೋಗಿ. ಮಂಡ್ಯದವರು ನನ್ನ ಬಳಿಗೇ ಬನ್ನಿ. ಬೆಳಿಗ್ಗೆ ಹತ್ತರಿಂದ ಇರುತ್ತೇನೆ. ಬಾಯಿ ನೋಡಿ ಹೇಳುವುದಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ.